ಅದೇ ಅರವತ್ನಾಲ್ಕು

ಮಾರ್ಚ್ ೩, ಬೆಳಗ್ಗೆ

ಡಬ್ಬಿ ಕಟ್ಟಿದ್ದಾಯಿತು. ಪುಟ್ಟಿಗೆ ಜಡೆ ಹಾಕಿದ್ದಾಯಿತು. ಯೂನಿಫಾರ್ಮ್ ಪ್ಯಾಂಟು ಮತ್ತೆ ಜಾರುತ್ತಿದೆ. ಕಳೆದ ವಾರ ಒಂದು ಪಿನ್ನು ಸಾಕಾಗಿತ್ತು, ಇವತ್ತು ಎರಡನೆಯದು ಬೇಕಾಯಿತು. ಅಂಗಿ ಮಾತ್ರ ತೋಳಿನ ಹತ್ತಿರ ಬಿಗಿ. ಹೊಲಿಗೆ ಬಿಡುವ ಹಾಗಿದೆ. ಮೇಲೆ ಸಾಲದು, ಕೆಳಗೆ ಜಾಸ್ತಿ. ಒಂದೇ ಅಳತೆಯ ಜೋಡಿ ಅಂತ ಕೊಟ್ಟಿದ್ದು.

ಪಿನ್ನು ಹಾಕುವಾಗ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೈಯಲ್ಲಿ ಸೌಟು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅವರಿಗೆ ಗಮನವಿಲ್ಲ.

"ಸೊಂಟ ಎಲ್ಲಿ ಹೋಯ್ತು?" ಅಂದರು.

"ಇಲ್ಲೇ ಇದೆಯಲ್ಲ ಅತ್ತೆ."

"ಊಟ ಸರಿಯಾಗಿ ಮಾಡ್ತಿದ್ದೀಯಾ?"

"ನೀವೇ ಬಡಿಸ್ತೀರಲ್ಲ."

ನಗಲಿಲ್ಲ. ಕಣ್ಣು ನನ್ನ ಕತ್ತಿನ ಮೂಳೆಯ ಮೇಲೆ ನಿಂತಿತು. ಅಲ್ಲಿಂದ ಕೆನ್ನೆಗೆ ಬಂತು. ಆಮೇಲೆ ಕಾಲಿನ ಕಡೆ. ಪೊಲೀಸಿನವರು ನೋಡುವ ಹಾಗೆ. ಹಾಲು ಉಕ್ಕಿ ಒಲೆ ಆರಿತು.

ಪುಟ್ಟಿಯ ಅಪ್ಪ ತೀರಿಹೋಗಿ ಏಳು ತಿಂಗಳು. ಮನೆಯಲ್ಲಿ ಈಗ ನಾವು ಮೂವರೇ — ಅತ್ತೆ, ನಾನು, ಪುಟ್ಟಿ. ಮೊದಲು ಅತ್ತೆ ಹೀಗೆ ನೋಡುತ್ತಿರಲಿಲ್ಲ.

ಬಸ್ಸಿಗೆ ಹೊತ್ತಾಯಿತು.

ಮಾರ್ಚ್ ೩, ಸಂಜೆ

ಇವತ್ತು ಲಾಂಡ್ರಿಯಲ್ಲಿ ತೂಕದ ದಿನ. ಆಸ್ಪತ್ರೆಗಳ ಬಟ್ಟೆ ಒಗೆಯುವ ಜಾಗ ನಮ್ಮದು. ಒಣ ಕಡೆ ಅಂದರೆ ಇಸ್ತ್ರಿ, ಮಡಿಸುವುದು. ಒದ್ದೆ ಕಡೆ ಅಂದರೆ ಡ್ರಮ್ಮಿನಿಂದ ನೆನೆದ ಬೆಡ್‌ಶೀಟುಗಳನ್ನು ಎಳೆದು, ಟ್ರಾಲಿಗೆ ತುಂಬಿ, ಒಣಗಿಸುವ ಕೋಣೆಯವರೆಗೆ ನೂಕುವುದು. ಯಾರು ಯಾವ ಕಡೆ ಅನ್ನುವುದನ್ನು ಸೂಪರ್‌ವೈಸರ್ ತೂಕ ನೋಡಿ ನಿರ್ಧರಿಸುತ್ತಾನೆ. ಅರವತ್ತು ಕೆಜಿ ಮೇಲಿದ್ದರೆ ಒದ್ದೆ. ಕೆಳಗಿದ್ದರೆ ಒಣ. ಭಾರ ಇರುವವರು ಭಾರ ಎತ್ತುತ್ತಾರೆ ಅಂತ ಅವನ ಲೆಕ್ಕ. ಪುಟ್ಟಿಯ ಅಪ್ಪ ಇದ್ದದ್ದೂ ಒದ್ದೆ ಕಡೆಯಲ್ಲೇ. ಅವರ ಜಾಗಕ್ಕೇ ನನ್ನನ್ನು ತೆಗೆದುಕೊಂಡರು.

ಗಂಟು ತೂಗುವ ದೊಡ್ಡ ಕಾಟಾದ ಮೇಲೆ ಒಬ್ಬೊಬ್ಬರಾಗಿ ಹತ್ತಿದೆವು. ಬನ್ನಕ್ಕ ಹತ್ತಿದಳು. ಅರವತ್ನಾಲ್ಕು. ಅವಳು ಇಳಿದಳು, ನಾನು ಹತ್ತಿದೆ. ಅರವತ್ನಾಲ್ಕು.

ಎಲ್ಲರೂ ಗೊಳ್ಳೆಂದರು. ಬನ್ನಕ್ಕನಿಗೆ ಆ ಹೆಸರು ಬಂದದ್ದೇ ಬನ್ನಿನ ಹಾಗೆ ದುಂಡಗಿರುವುದರಿಂದ. ಎತ್ತರದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ನಾನು ಅವಳ ಹಿಂದೆ ನಿಂತರೆ ಕಾಣಿಸುವುದಿಲ್ಲ.

"ಕಾಟಾ ಕೆಟ್ಟಿದೆ" ಅಂದ ಸೂಪರ್‌ವೈಸರ್.

"ಕೆಟ್ಟಿಲ್ಲ ಸಾರ್, ನನ್ನ ನೋಡಿ ನಾಚ್ಕೊಂಡಿದೆ" ಅಂದಳು ಬನ್ನಕ್ಕ.

"ಇನ್ನೊಂದ್ಸಲ ಹತ್ತಿ ಇಬ್ರೂ. ಶೂ ತೆಗೀರಿ."

ಶೂ ತೆಗೆದು ಹತ್ತಿದೆವು. ಇಬ್ಬರದೂ ಅಷ್ಟಷ್ಟೇ ಇಳಿಯಿತು. ಬನ್ನಕ್ಕ ನನ್ನ ಜೇಬುಗಳನ್ನು ತಡಕಿದಳು. "ಕಲ್ಲು ಇಟ್ಕೊಂಡಿದ್ದಾಳಾ ನೋಡ್ತೀನಿ ತಡೀರಿ." ಆಮೇಲೆ ತೋಳು ಹಿಸುಕಿ, "ಓ, ಇಲ್ಲಿ ಇಟ್ಟಿದ್ದಾಳೆ" ಅಂದಳು. "ಸಾರ್, ಒಂದು ಕೆಜಿ ದಿಂಬು, ಒಂದು ಕೆಜಿ ಒದ್ದೆ ಶೀಟು. ಯಾವುದು ದೊಡ್ಡದಾಗಿ ಕಾಣತ್ತೆ? ನಾನು ದಿಂಬು. ಇವಳು ಹಿಂಡಿಟ್ಟ ಶೀಟು. ಬರ್ಕೊಳ್ಳಿ."

ನಾನೂ ನಕ್ಕೆ. ಗಟ್ಟಿಯಾಗಿಯೇ ನಕ್ಕೆ. ನಕ್ಕ ಮೇಲೆ ಮೂರನೇ ಮಷೀನಿನ ಕಡೆ ಕಣ್ಣು ಹೋಯಿತು. ಅದರ ಬಾಗಿಲ ಹಿಡಿಯಲ್ಲಿ ಬಣ್ಣ ಹೋಗಿ ಹೊಳೆಯುವ ಜಾಗ ಪುಟ್ಟಿಯ ಅಪ್ಪನ ಕೈ ತಾಗಿ ತಾಗಿ ಆದದ್ದು.

ಮದುವೆಯಾದಾಗ ಅರವತ್ನಾಲ್ಕು ಇರಲಿಲ್ಲ. ಪುಟ್ಟಿ ಹುಟ್ಟಿದ ಮೇಲೆ ಆದದ್ದು. ಆಮೇಲೆ ಇಳಿಯಲೂ ಇಲ್ಲ, ಏರಲೂ ಇಲ್ಲ.

ಮಾರ್ಚ್ ೮, ಭಾನುವಾರ

ನಾದಿನಿ ಬಂದಿದ್ದಳು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನತ್ತಿಗೆ, ಗುರುತೇ ಸಿಗಲ್ಲ. ಹುಡುಗಿ ಆಗ್ಬಿಟ್ಟಿದ್ದೀರಿ."

"ಕೆಲಸ" ಅಂದೆ.

"ನಾನೂ ಕೆಲಸ ಮಾಡ್ತೀನಪ್ಪ. ನಂಗ್ಯಾಕೆ ಹಿಂಗಾಗಲ್ಲ?"

"ನೀನು ಕೂತು ಮಾಡೋ ಕೆಲಸ."

"ಅಣ್ಣ ಇದ್ದಾಗ ಹೆಂಗಿದ್ರಿ, ಪಾಪ. ಮುಖ ಊದ್ಕೊಂಡು, ಕಣ್ಣಿನ ಕೆಳಗೆ ಚೀಲ ಬಂದು… ನೋಡಿದ್ರೆ ಕರುಳು ಕಿತ್ತು ಬರ್ತಿತ್ತು. ಈಗ ಕಳೆ ಬಂದಿದೆ. ಬರಲಿ. ಬರಬಾರದು ಅಂತ ನಾನು ಹೇಳ್ತಿಲ್ಲ."

ಹೇಳುತ್ತಿಲ್ಲ ಅಂತ ಹೇಳುವ ಕಲೆ ಅವಳಿಗೆ ಚೆನ್ನಾಗಿ ಬರುತ್ತದೆ. ಅತ್ತೆಯ ಮುಖ ನೋಡಿದೆ. ಅವರು ಬಟಾಣಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

ಊಟ ಆದ ಮೇಲೆ ವಿಷಯಕ್ಕೆ ಬಂದಳು. ಅಮ್ಮನೂ ಪುಟ್ಟಿಯೂ ತನ್ನ ಮನೆಗೆ ಬಂದು ಇರಲಿ. ಅಲ್ಲಿ ಸ್ಕೂಲು ಎರಡು ಬೀದಿ ದೂರ. ಅತ್ತಿಗೆ ಬೆಳಗ್ಗೆ ಹೋದರೆ ಸಂಜೆ ಬರುವವರು. ಮಗು ಒಂಟಿಯಾಗಿ ಬೆಳೆಯುತ್ತಿದೆ. ರಜೆಯಲ್ಲಿ ನೋಡಿಕೊಂಡು ಹೋಗಬಹುದಲ್ಲ ಅತ್ತಿಗೆ.

"ಪುಟ್ಟಿ ಎಲ್ಲಿಗೂ ಬರಲ್ಲ" ಅಂದೆ.

"ಅಮ್ಮ ಹೇಳಲಿ."

ಅತ್ತೆ ಏನಾದರೂ ಹೇಳುತ್ತಾರೆ ಅಂತ ಕಾದೆ. ಇವಳ ಮಾತಿಗೆ ಹಿಂದೆಲ್ಲ, "ನಿನ್ನ ಮನೆಯ ಲಿಫ್ಟು ಕೆಟ್ಟರೆ ನಾನು ಮೇಲೇ ಸಾಯ್ಬೇಕು" ಅಂತ ತಮಾಷೆ ಮಾಡಿ ಬಾಯಿ ಮುಚ್ಚಿಸುತ್ತಿದ್ದರು. ಇವತ್ತು ಬಟಾಣಿ ಸಿಪ್ಪೆಯನ್ನು ಒಟ್ಟು ಮಾಡಿ, "ಯೋಚನೆ ಮಾಡ್ತೀನಿ" ಅಂದರು.



ಮಾರ್ಚ್ ೯

ಅವಳ ಮಾತು ಬಿಡುತ್ತಿಲ್ಲ. ಅಣ್ಣ ಇದ್ದಾಗ ಹೆಂಗಿದ್ರಿ.

ಹೇಗಿದ್ದೆ? ಎಂಟು ತಿಂಗಳು, ಕಾಯಿಲೆಯಿಂದ ಮಲಗಿದ್ದ ಪುಟ್ಟಿಯ ಅಪ್ಪನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವರು ಎರಡು ತುತ್ತು ತಿಂದು ಬಿಟ್ಟ ತಟ್ಟೆಯನ್ನು ಅಲ್ಲೇ ಕೂತು ಮುಗಿಸುತ್ತಿದ್ದೆ. ನಡೆದದ್ದು ಬಚ್ಚಲಿಗೆ, ಅಡುಗೆಮನೆಗೆ. ಮೈ ಹಿಟ್ಟಿನ ಮುದ್ದೆಯ ಹಾಗಾಗಿತ್ತು. ಜನ ಬಂದು ನೋಡಿ, ಗಂಡನಿಗಾಗಿ ಹೇಗೆ ಸವೆದಿದ್ದಾಳೆ ಅನ್ನುತ್ತಿದ್ದರು. ಸವೆದಿರಲಿಲ್ಲ. ಕೂತು ತಿಂದಿದ್ದೆ. ಆಗ ತೂಗಿದಾಗಲೂ ಅರವತ್ನಾಲ್ಕು. ಆಗ ಅತ್ತದ್ದೂ ಇಲ್ಲ. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಈಗ ಅಳುತ್ತೇನೆ, ಬಸ್ಸಿನಲ್ಲಿ, ಡ್ರಮ್ಮಿನೊಳಗೆ ತಲೆ ಹಾಕಿದಾಗ. ಈಗ ಕಳೆ ಬಂದಿದೆಯಂತೆ.

ಮನೆಯಲ್ಲಿರುವ ತೂಕದ ಮಷೀನು ಅತ್ತೆಯೇ ತರಿಸಿದ್ದು. ಪ್ರತಿ ಭಾನುವಾರ ಮಗನನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು. ಒಂದು ಕೈ ನಾನು ಹಿಡಿದಿರಬೇಕು. ಎಪ್ಪತ್ತೆರಡು. ಮುಂದಿನ ಭಾನುವಾರ ಎಪ್ಪತ್ತೆರಡು. ಅತ್ತೆ ಕಿಟಕಿಯಿಂದಲೇ ಪಕ್ಕದ ಮನೆಗೆ ಕೂಗಿ ಹೇಳುತ್ತಿದ್ದರು — "ಒಂದು ಚೂರೂ ಇಳಿದಿಲ್ಲ ನನ್ನ ಮಗ." ಡಾಕ್ಟರು ಲಿವರು ಅಂದರೂ, ಮಾತ್ರೆ ಅಂದರೂ, ತೂಕ ಇದೆಯಲ್ಲ ಅನ್ನುವ ಧೈರ್ಯ. ನನಗೂ ಇತ್ತು. ಮುಖ ಒಣಗಿದ್ದು ಕಾಣುತ್ತಿತ್ತು. ತೋಳು ಸಡಿಲವಾದದ್ದು ಕಾಣುತ್ತಿತ್ತು. ಸಂಖ್ಯೆ ಮಾತ್ರ ಅಲ್ಲೇ.

ಕೊನೆಗೆ ದೊಡ್ಡ ಡಾಕ್ಟರು ಅವರ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಗುಳಿ ಬಿತ್ತು. ಮೇಲೆ ಬರಲಿಲ್ಲ. "ಮೈಯಲ್ಲಿದ್ದ ಮಾಂಸ ಹೋಗಿದೆ ಅಮ್ಮಾ. ಆ ಜಾಗಕ್ಕೆ ನೀರು ಬಂದಿದೆ. ಮಷೀನಿಗೆ ಅದು ಗೊತ್ತಾಗಲ್ಲ, ಒಟ್ಟು ಎಷ್ಟು ಅಂತ ಮಾತ್ರ ಹೇಳತ್ತೆ." ಇನ್ನೊಬ್ಬರಿಗೆ ಅಂಟುವ ಥರದ್ದಲ್ಲ ಅಂತಲೂ ಹೇಳಿದರು. ಅತ್ತೆ ಅಷ್ಟರಲ್ಲಿ ಕೋಣೆಯಿಂದ ಹೊರಗೆ ಹೋಗಿದ್ದರು.

ಆಮೇಲೆ ಹೆಚ್ಚು ಭಾನುವಾರ ಇರಲಿಲ್ಲ.

ಮಾರ್ಚ್ ೧೫, ಭಾನುವಾರ, ಮಧ್ಯಾಹ್ನ

ಊಟ ಮಾಡಿ ಮಲಗಿದ್ದೆ. ಕಾಲಿನ ಹತ್ತಿರ ಏನೋ ಹರಿದ ಹಾಗಾಯಿತು. ಕಣ್ಣು ಬಿಟ್ಟರೆ ಅತ್ತೆ. ಮಂಚದ ತುದಿಯಲ್ಲಿ ಕೂತು ನನ್ನ ಹೊದಿಕೆ ಸರಿಸಿದ್ದರು.

"ಏನತ್ತೆ?"

"ಏನಿಲ್ಲ. ಸೊಳ್ಳೆ."

ಕೈ ಹಿಂದಕ್ಕೆ ಎಳೆದುಕೊಂಡರು. ಕದಿಯುವಾಗ ಸಿಕ್ಕಿದವರ ಹಾಗೆ.

ಏನು ಹುಡುಕುತ್ತಿದ್ದಾರೆ ನನ್ನ ಮೈಯಲ್ಲಿ? ಮೊನ್ನೆ ನನ್ನ ಬಾಚಣಿಗೆ ಹಿಡಿದು ಬೆಳಕಿಗೆ ನೋಡುತ್ತಿದ್ದರು. ನಿನ್ನೆ ನಾನು ಬಚ್ಚಲಲ್ಲಿದ್ದಾಗ ಬ್ಯಾಗಿನ ಜಿಪ್ಪು ಎಳೆದ ಸದ್ದು. ಹೊರಗೆ ಬಂದರೆ ಬ್ಯಾಗು ಮೊದಲಿನ ಜಾಗದಲ್ಲೇ ಇದೆ, ಹಿಡಿ ಮಾತ್ರ ಈ ಕಡೆಯಿಂದ ಆ ಕಡೆಗೆ ಬಿದ್ದಿದೆ. ಕೇಳಲಿಲ್ಲ. ಕೇಳಿದರೆ ಅವರು ಉತ್ತರ ಕೊಟ್ಟುಬಿಟ್ಟರೆ?

ನಾದಿನಿ ಫೋನಿನಲ್ಲಿ ದಿನಾ ಮಾತಾಡುತ್ತಾಳೆ. ನಾನು ಒಳಗೆ ಬಂದರೆ ಅತ್ತೆ, "ಸರಿ ಇಡ್ತೀನಿ" ಅನ್ನುತ್ತಾರೆ.

ಮಾರ್ಚ್ ೧೮, ಸಂಜೆ



ಪುಟ್ಟಿಗೆ ಕೆಮ್ಮು. ಮೂಲೆಯ ಮೆಡಿಕಲ್‌ಗೆ ಹೋದೆ. ಅಂಗಡಿಯವನು ಬಾಟಲಿ ಕೊಡುತ್ತಾ, "ನಿಮ್ಮತ್ತೆ ಬಂದಿದ್ರು ಮೊನ್ನೆ" ಅಂದ.

"ಯಾಕೆ, ಬಿ.ಪಿ. ಮಾತ್ರೆ ಮುಗೀತಾ?"

"ಅದಲ್ಲ. ನೀವೇನಾದ್ರೂ ಮಾತ್ರೆ ತಗೊಂಡು ಹೋಗ್ತಿದ್ದೀರಾ ಅಂತ ಕೇಳಿದ್ರು. ನಂಗೆ ಹೇಳದೆ ತಗೊಳ್ತಿದ್ದಾಳಾ, ನಿಜ ಹೇಳಪ್ಪ ಅಂತ. ನಾನು ಹಂಗೆಲ್ಲ ಹೇಳೋದಿಲ್ಲಮ್ಮ ಅಂದೆ. ಅವರು ಅದನ್ನೇ ಹೌದು ಅಂದ್ಕೊಂಡ್ರೋ ಏನೋ."

ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಕಿವಿ ಬೆಂಕಿಯಾಯಿತು. ಏನು ಮಾತ್ರೆ ಅಂತ ಯಾರೂ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಗಂಡ ಸತ್ತ ಹೆಂಗಸು, ಸೊಂಟ ಸಣ್ಣಗಾಗಿದೆ, ಮುಖದಲ್ಲಿ ಕಳೆ, ಅತ್ತೆಗೆ ಹೇಳದೆ ತೆಗೆದುಕೊಳ್ಳುವ ಮಾತ್ರೆ…

ಹದಿಮೂರು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ ಇಬ್ಬರೂ. ಮಲಗಿದ್ದ ಅವರ ಮಗನ ಬಟ್ಟೆ ಬದಲಾಯಿಸುವಾಗ ಆ ಕಡೆಯಿಂದ ಅವರು, ಈ ಕಡೆಯಿಂದ ನಾನು.

ಮನೆಗೆ ಬಂದೆ. ಅತ್ತೆ ಪುಟ್ಟಿಗೆ ಕಥೆ ಹೇಳುತ್ತಿದ್ದರು. ಕೇಳಬೇಕು ಅಂತ ಬಾಯಿ ತನಕ ಬಂತು. ಪುಟ್ಟಿ ಇದ್ದಳು. ನುಂಗಿದೆ.

ಮಾರ್ಚ್ ೨೦

ಯೋಚಿಸಿ ನೋಡಿದೆ. ಜಗಳವಾಡಿದರೆ ಅವರು ನಾಳೆಯೇ ಹೊರಡುತ್ತಾರೆ. ಹೊರಟರೆ ಪುಟ್ಟಿಯನ್ನೂ ಕರೆದುಕೊಂಡೇ. ಸ್ಕೂಲಿನಿಂದ ಬಂದ ಮಗುವನ್ನು ಸಂಜೆಯವರೆಗೆ ನೋಡುವವರು ಬೇರೆ ಯಾರಿದ್ದಾರೆ ನನಗೆ? ನಾದಿನಿಗೆ ಅದು ಗೊತ್ತು.

ಮೊದಲಿನ ಹಾಗೆ ಕಂಡರೆ ಆಯಿತಲ್ಲ. ಮುಖ ಊದಿದರೆ, ಸೊಂಟ ತುಂಬಿದರೆ, ಎಲ್ಲರಿಗೂ ಸಮಾಧಾನ.

ಸೂಪರ್‌ವೈಸರ್ ಹತ್ತಿರ ಹೋಗಿ ಒಣ ಕಡೆ ಹಾಕಿ ಅಂದೆ.

"ಅರವತ್ನಾಲ್ಕು ಇದ್ದೀರಲ್ಲ."

"ಬೆನ್ನು ನೋವು."

"ನಿಮ್ಮ ಯಜಮಾನರೂ ಬೆನ್ನು ಬೆನ್ನು ಅಂತಲೇ…" ಅರ್ಧಕ್ಕೆ ನಿಲ್ಲಿಸಿದ. "ಸೋಮವಾರದಿಂದ ಮಡಿಸೋಕೆ ಹೋಗಿ."

ಬನ್ನಕ್ಕ ಕೇಳಿಸಿಕೊಂಡಿದ್ದಳು. "ಬೆನ್ನು ನೋವಾ? ನಿಂಗಾ? ಮೂರನೇ ಮಷೀನು ನಿನ್ನ ಬಿಟ್ಟು ಯಾರ ಮಾತೂ ಕೇಳಲ್ಲ ಕಣೆ."

"ಸಾಕಾಗಿದೆ ಅಕ್ಕ."

"ಸುಳ್ಳು ಹೇಳೋಕೆ ಬರಲ್ಲ ನಿಂಗೆ. ಕತ್ತು ಕೆಂಪಗಾಗತ್ತೆ."

ಏಪ್ರಿಲ್ ೨

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ದಿಂಬಿನ ಚೀಲ ಮಡಿಸುತ್ತೇನೆ. ನಾಲ್ಕು ಮೂಲೆ, ಅರ್ಧ, ಮತ್ತೆ ಅರ್ಧ. ಕೈ ತಾನೇ ಮಾಡುತ್ತದೆ, ತಲೆ ಖಾಲಿ. ಖಾಲಿ ತಲೆಗೆ ಪುಟ್ಟಿಯ ಅಪ್ಪನೇ ಬಂದು ಕೂರುತ್ತಾರೆ. ಕೊನೆಯ ವಾರದ ಮುಖ. ಒದ್ದೆ ಕಡೆ ಇದ್ದಾಗ ಅವರು ಹಾಗೆ ಬರುತ್ತಿರಲಿಲ್ಲ. ಶೀಟು ಎಳೆಯುವಾಗ ಅವರೂ ಎದುರಿನ ತುದಿ ಹಿಡಿದಿದ್ದಾರೆ ಅನ್ನಿಸುತ್ತಿತ್ತು. ಗಟ್ಟಿಮುಟ್ಟಾಗಿದ್ದ ಕಾಲದವರು.

ಅದನ್ನೂ ಬಿಟ್ಟುಕೊಟ್ಟೆ.

ಬ್ರೆಡ್ಡು, ಬೆಣ್ಣೆ ಬೇಕೆಂದೇ ತಿನ್ನುತ್ತಿದ್ದೇನೆ. ಒಂದು ಸುತ್ತೂ ದಪ್ಪ ಆಗಿಲ್ಲ. ಕೆನ್ನೆ ಹಾಗೇ ಇದೆ. ಅತ್ತೆ ತಟ್ಟೆ ನೋಡುತ್ತಾರೆ. ನನ್ನನ್ನು ನೋಡುತ್ತಾರೆ.

"ಇಷ್ಟು ತಿಂದ್ರೂ ಮೈಗೆ ಹತ್ತಲ್ವಲ್ಲ" ಅಂದರು ಇವತ್ತು. ಯಾರಿಗೆ ಹೇಳಿದರೋ. ದನಿ ವಿಚಿತ್ರವಾಗಿತ್ತು.

ಏಪ್ರಿಲ್ ೫, ಭಾನುವಾರ, ಸಂಜೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಪುಟ್ಟಿಯ ಹಸಿರು ಫ್ರಾಕು ಕಾಣಲಿಲ್ಲ. ಕಪಾಟಿನಲ್ಲಿ ಇಲ್ಲ, ಒಗೆಯುವ ಬಟ್ಟೆಯಲ್ಲಿಲ್ಲ. ಪುಟ್ಟಿಯನ್ನು ಕೇಳಿದೆ. ನೆಲ ನೋಡಿದಳು.

"ಅಜ್ಜಿ ಹೇಳ್ಬೇಡ ಅಂದಿದ್ದಾರೆ."

ಅತ್ತೆಯ ಮಂಚದ ಕೆಳಗೆ ದೊಡ್ಡ ಸೂಟ್‌ಕೇಸು. ತೆಗೆದೆ. ಪುಟ್ಟಿಯ ಫ್ರಾಕುಗಳು, ಸ್ವೆಟರು, ಕಥೆ ಪುಸ್ತಕಗಳು. ಕೆಳಗೆ ಅತ್ತೆಯ ಬಟ್ಟೆ. ಎಲ್ಲ ಒಪ್ಪವಾಗಿ ಮಡಿಸಿದ್ದು. ನನಗಿಂತ ಚೆನ್ನಾಗಿ ಮಡಿಸುತ್ತಾರೆ.

ಪುಟ್ಟಿಯನ್ನು ಪಕ್ಕದ ಮನೆಗೆ ಕಳಿಸಿದೆ. ಅತ್ತೆ ಬಂದರು. ತೆರೆದ ಸೂಟ್‌ಕೇಸು ನೋಡಿ ಹಾಗೇ ನಿಂತರು.

"ಯಾವಾಗ?" ಅಂದೆ.

"ಮುಂದಿನ ಭಾನುವಾರ. ಅವಳು ಕಾರು ತರ್ತಾಳೆ."

"ನಂಗೆ ಹೇಳದೇ?"

"ಹೇಳ್ತಿದ್ದೆ."

"ಯಾವಾಗ ಹೇಳ್ತಿದ್ರಿ? ಕಾರು ಹತ್ತಿದ ಮೇಲಾ? ನನ್ನ ಬ್ಯಾಗು ನೋಡಿದ್ರಿ. ಬಾಚಣಿಗೆ ನೋಡಿದ್ರಿ. ಮೆಡಿಕಲ್ ಅಂಗಡಿಗೆ ಹೋಗಿ ಮಾನ ಕಳೆದ್ರಿ. ನಾನೇನು ಮಾಡಿದೀನಿ ಅಂತ ಒಂದು ಸಲ ನನ್ನನ್ನೇ ಕೇಳೋಕೆ ಆಗಲಿಲ್ವಾ?"

ಈ ಮನೆಗೆ ಬಂದಮೇಲೆ ಅವರ ಮುಂದೆ ದನಿ ಎತ್ತಿದ್ದು ಇದೇ ಮೊದಲು. ಅವರು ಗೋಡೆ ಹಿಡಿದು ಕೂತರು. ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ತೂಕದ ಮಷೀನು ಎಳೆದೆ. ಧೂಳು ಹಿಡಿದಿತ್ತು. ಅವರ ಕಾಲ ಹತ್ತಿರವೇ ಇಟ್ಟು ಹತ್ತಿ ನಿಂತೆ.

"ನೋಡಿ. ಬಗ್ಗಿ ನೋಡಿ. ಅರವತ್ನಾಲ್ಕು. ಅವರಿದ್ದಾಗ ಎಷ್ಟಿತ್ತೋ ಅಷ್ಟೇ. ಒಂದು ಚೂರೂ ಬದಲಾಗಿಲ್ಲ ನಾನು."

ಅತ್ತೆ ನೋಡಿದರು. ಮುಖ ಬಿಳಿಚಿತು.

"ಅವನಿಗೂ ಅದು ಎಪ್ಪತ್ತೆರಡು ಅಂತಲೇ ಹೇಳ್ತಿತ್ತು" ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಮಷೀನಿನ ಮೇಲೆ ಹಾಗೇ ನಿಂತಿದ್ದೆ.

"ಮೊದಲು ಮುಖ ಹೋಯ್ತು ಅವನದ್ದು. ಇದೇ ಥರ. ಇಲ್ಲಿ ಗುಳಿ, ಇಲ್ಲಿ ಮೂಳೆ. ಬಟ್ಟೆ ಸಡಿಲ ಆಯ್ತು. ತೂಕ ಮಾತ್ರ ಕಲ್ಲಿನ ಹಾಗೆ ಅಲ್ಲೇ. ನಾನು ಮುಟ್ಠಾಳಿ, ಬೀದಿಗೆಲ್ಲ ಸಾರಿದೆ. ಕಾಲಿಗೆ ನೀರು ಆಮೇಲೆ ಬಂತು. ಅವನ ಎಂಜಲು ತಟ್ಟೆ ಎಂಟು ತಿಂಗಳು ನೀನೇ ಉಂಡೆ. ನಾನು ಬೇಡ ಅಂದಿದ್ನಾ? ಅನ್ನಲಿಲ್ಲ. ಚೆಲ್ಲೋದ್ಯಾಕೆ ಅಂತ ಸುಮ್ನಿದ್ದೆ." ಉಸಿರು ತೆಗೆದುಕೊಂಡರು. "ನಂಗೆ ಹೇಳದೆ ಮಾತ್ರೆ ನುಂಗ್ತಿದ್ದೀಯ ಅಂದ್ಕೊಂಡೆ. ಅವನೂ ಮೊದಮೊದಲು ಹೇಳಿರ್ಲಿಲ್ಲ."

ಸೊಳ್ಳೆಯಲ್ಲ. ಕಾಲಿನಲ್ಲಿ ಗುಳಿ ಬೀಳುತ್ತದಾ ಅಂತ ಒತ್ತಿ ನೋಡುತ್ತಿದ್ದರು.

"ಹಂಗಿದ್ರೆ ಬಿಟ್ಟು ಹೋಗೋದಾ ಅತ್ತೆ?" ಅಂದೆ.

"ಇನ್ನೊಂದು ಸಲ ನೋಡೋಕೆ ನನ್ನ ಕೈಲಿ ಆಗಲ್ಲ. ಆ ಮಗು ಅಪ್ಪನ್ನ ನೋಡಿದ್ದು ಸಾಕು. ಅಮ್ಮನ್ನೂ ಅದೇ ಮಂಚದ ಮೇಲೆ ನೋಡ್ಬೇಕಾ ಅದು?"

ಮಷೀನಿನಿಂದ ಇಳಿದೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅತ್ತೆಯ ಪಕ್ಕ ನೆಲದ ಮೇಲೆ ಕೂತೆ.

ಏಪ್ರಿಲ್ ೬, ಬೆಳಗ್ಗೆ

ರೋಗವಿಲ್ಲ, ಅವರದ್ದು ಅಂಟುವಂಥದ್ದೂ ಆಗಿರಲಿಲ್ಲ, ಕೆಲಸದಿಂದ ಹೀಗಾದದ್ದು ಅಂತ ಹೇಳಿದೆ. ಕೊಬ್ಬು ಕರಗಿದೆ, ಆ ಜಾಗಕ್ಕೆ ಮಾಂಸಖಂಡ ಬಂದಿದೆ, ಅದಕ್ಕೇ ತೂಕ ಅಷ್ಟೇ ಅಂದೆ. ಬನ್ನಕ್ಕನ ದಿಂಬು, ಒದ್ದೆ ಶೀಟಿನ ಮಾತೂ ಹೇಳಿದೆ.

"ಒಂದು ಹೋಗಿ ಆ ಜಾಗಕ್ಕೆ ಇನ್ನೊಂದು ಬಂದಿದೆ ಅಂತ ಆ ಡಾಕ್ಟರೂ ಹೇಳಿದ್ದ" ಅಂದರು ಅತ್ತೆ. ಮತ್ತೆ ಅವರೇ ಕೇಳಿದರು.

"ಅದೇನು ಅಂಥ ಕೆಲಸ? ಅವನು ಸ್ವಿಚ್ ಒತ್ತೋದಷ್ಟೇ ಅಂತಿದ್ದ. ಹನ್ನೊಂದು ವರ್ಷ ಸ್ವಿಚ್ ಒತ್ತಿದ. ಸ್ವಿಚ್ ಒತ್ತಿದ್ರೆ ಹಿಂಗಾಗತ್ತಾ?"

ಅಮ್ಮನಿಗೆ ಹಾಗೆ ಹೇಳಿದ್ದರಾ. ನನಗೂ ಅಷ್ಟೇ ಹೇಳಿದ್ದರು. ಮೊದಲ ದಿನ ಮೂರನೇ ಮಷೀನಿನ ಬಾಗಿಲು ತೆಗೆದು ಎಳೆದಾಗಲೇ ನನಗೆ ಗೊತ್ತಾದದ್ದು.

"ಬಂದು ನೋಡಿ" ಅಂದೆ.

"ನಿಮ್ಮ ಫ್ಯಾಕ್ಟರಿಗೆ ನಾನ್ಯಾಕೆ."

"ನಾನು ಹೇಳಿದ್ದು ನಂಬಲ್ಲ, ಮಷೀನು ಹೇಳಿದ್ದು ನಂಬಲ್ಲ. ಬಂದು ಕಣ್ಣಲ್ಲಿ ನೋಡಿ. ಆಮೇಲೆ ಕಾರು ಹತ್ತೋದಾದ್ರೆ ಹತ್ತಿ."



ಏಪ್ರಿಲ್ ೧೦, ಸಂಜೆ

ಸೂಪರ್‌ವೈಸರ್ ಹತ್ತಿರ ಎರಡು ಬೇಡಿಕೆ ಇಟ್ಟಿದ್ದೆ. ಮತ್ತೆ ಒದ್ದೆ ಕಡೆ. ಅತ್ತೆ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಬೇಕು.

"ಬೆನ್ನು?"

"ವಾಸಿಯಾಯ್ತು."

"ಹೊರಗಿನವ್ರನ್ನ ಬಿಡೋ ಹಾಗಿಲ್ಲ."

ಬನ್ನಕ್ಕ ನಡುವೆ ಬಂದಳು. "ಹೊರಗಿನವ್ರಾ? ಹನ್ನೊಂದು ವರ್ಷ ದುಡಿದವನ ತಾಯಿ. ನಿಮ್ಮ ತೂಕದ ಕಾಟಾ ಮೇಲೆ ನಿಲ್ಲಿಸಿ ಬೇಕಾದ್ರೆ, ಅರವತ್ತಿದ್ರೆ ಬಿಡಿ." ಅವನು ನಕ್ಕು ತಲೆ ಆಡಿಸಿದ.

ಇವತ್ತು ಅತ್ತೆ ಬಂದು ಬಾಗಿಲ ಪಕ್ಕ ಗಂಟಿನ ರಾಶಿ ಹಿಡಿದು ನಿಂತರು. ಹಬೆ, ಸೋಪಿನ ವಾಸನೆ, ನೆಲವೆಲ್ಲ ನೀರು. ಸದ್ದಿಗೆ ಕಿವಿ ಮುಚ್ಚಿಕೊಂಡರು. ನಾನು ಆ ಕಡೆ ನೋಡಲಿಲ್ಲ. ನೋಡಿದರೆ ಕೈ ಸೋಲುತ್ತದೆ ಅನ್ನಿಸಿತು.

ಮೂರನೇ ಮಷೀನು ನಿಂತಿತು. ಬಾಗಿಲು ತೆಗೆದೆ. ಒಳಗೆ ಶೀಟುಗಳು ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ಒಂದು ಕಾಲು ಕಟ್ಟೆಗೆ ಕೊಟ್ಟು ತುದಿ ಹಿಡಿದೆ. ಮೂರು ವಾರ ಬಿಟ್ಟಿದ್ದೆ. ಮೊದಲ ಎಳೆತಕ್ಕೆ ಅಲುಗಲಿಲ್ಲ. ಭಯವಾಯಿತು — ಇವತ್ತೇ ಆಗದಿದ್ದರೆ. ಬೆನ್ನು ಬಗ್ಗಿಸಿ, ಉಸಿರು ಕಟ್ಟಿ ಎಳೆದೆ. ಬಂತು. ಇಡೀ ರಾಶಿ ನೀರು ಸುರಿಸುತ್ತಾ ಟ್ರಾಲಿಗೆ ಬಿತ್ತು. ಇನ್ನೊಂದು. ಮತ್ತೊಂದು. ತುಂಬಿದ ಟ್ರಾಲಿಗೆ ಭುಜ ಕೊಟ್ಟು ನೂಕಿಕೊಂಡು ಅತ್ತೆಯ ಮುಂದಿನಿಂದಲೇ ಹೋದೆ. ಅಂಗಿಯ ತೋಳು ಮೇಲಕ್ಕೆ ಸುತ್ತಿದ್ದೆ. ನೋಡಲಿ ಅಂತಲೇ.

ವಾಪಸು ಬಂದಾಗ ಅತ್ತೆ ನನ್ನನ್ನು ನೋಡುತ್ತಿರಲಿಲ್ಲ. ಮುಂದಿನ ಮಷೀನಿನಲ್ಲಿ ಒಬ್ಬ ಗಂಡಸು ಎಳೆಯುತ್ತಿದ್ದ. ಅವನನ್ನೇ ನೋಡುತ್ತಿದ್ದರು. ಅವನ ಬೆನ್ನನ್ನು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು.

"ದಿನಾ ಎಳೀತಿದ್ನಾ?"

"ಹೂಂ."

"ಸಂಜೆ ಬಂದು ಕೂತ್ಕೊಂಡ್ರೆ, ಸ್ವಿಚ್ ಒತ್ತಿ ಬಂದವನಿಗೆ ಎಂಥ ಸುಸ್ತೋ, ಮೇಲಿನ ಡ್ರಮ್ಮಿಗೆ ನೀರು ತುಂಬಿಸು ಅಂತಿದ್ದೆ. ತುಂಬಿಸ್ತಿದ್ದ. ಒಂದು ದಿನ ಇಲ್ಲ ಅನ್ನಲಿಲ್ಲ."

ಆಮೇಲೆ ನನ್ನ ತೋಳು ಹಿಡಿದರು. ಬಸ್ಸಿನಲ್ಲಿ, ಎಲ್ಲರ ಮುಂದೆ. ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ನೋಡಿದರು. ಮತ್ತೆ ಇನ್ನೊಂದು ಕಡೆ ಒತ್ತಿದರು. ಹಿಂದಿನ ಸೀಟಿನ ಹೆಂಗಸು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ನಾನು ಕೈ ಎಳೆದುಕೊಳ್ಳಲಿಲ್ಲ.

"ನಾಳೆ ರಕ್ತ ಕೊಟ್ಟು ಬಾ" ಅಂದರು. ಅಷ್ಟೇ. ಸೂಟ್‌ಕೇಸಿನ ಮಾತು ಬರಲಿಲ್ಲ.

ಏಪ್ರಿಲ್ ೧೧

ರಕ್ತ ಕೊಟ್ಟು ಬಂದೆ. ರಿಪೋರ್ಟು ಮಂಗಳವಾರ. ಕಾರು ನಾಳೆ. ಸೂಟ್‌ಕೇಸು ಮಂಚದ ಕೆಳಗೇ ಇದೆ. ಪುಟ್ಟಿ ಅದರ ಮೇಲೆ ಕೂತು ಹೋಮ್‌ವರ್ಕ್ ಮಾಡಿದಳು.

ಏಪ್ರಿಲ್ ೧೨, ಭಾನುವಾರ, ಬೆಳಗ್ಗೆ

ಬೀದಿಯಲ್ಲಿ ಕಾರಿನ ಹಾರ್ನು. ನಾದಿನಿ ಬಂದಳು. ನಾನು ಅಡುಗೆಮನೆಗೆ ಬಂದು ನಿಂತಿದ್ದೇನೆ. ಕೈಗೆ ಸಿಕ್ಕಿದ್ದು ಈ ಡೈರಿ, ಕೇಳಿಸಿದ್ದನ್ನು ಬರೆಯುತ್ತಿದ್ದೇನೆ.

"ಅಮ್ಮ, ರೆಡಿನಾ? ಸಾಮಾನು ಎಲ್ಲಿ?"

"ಕೂತ್ಕೋ. ಚಹಾ ಕುಡಿ."

"ಚಹಾ ಅಲ್ಲಮ್ಮ, ಇವರು ಕಾರಲ್ಲೇ ಕೂತಿದ್ದಾರೆ, ನಿಲ್ಲಿಸೋಕೆ ಜಾಗ ಇಲ್ಲ."

"ಹಂಗಾದ್ರೆ ಕಾರು ತಗೊಂಡು ಹೋಗಿ ಅನ್ನು."

"ಏನಮ್ಮ ನೀನು… ನೀನೇ ತಾನೆ ಅತ್ತಿಗೆಗೆ ಏನೋ ಆಗಿದೆ, ಮಗೂನ ಕರ್ಕೊಂಡು ಬಂದ್ಬಿಡ್ತೀನಿ ಅಂದಿದ್ದು? ಈಗ ಏನೂ ಆಗಿಲ್ವಾ? ರಿಪೋರ್ಟ್ ಬಂತಾ?"

"ಮಂಗಳವಾರ."

"ಮತ್ತೆ? ಅಷ್ಟರಲ್ಲಿ ನಂಬಿಕೆ ಬಂದ್ಬಿಡ್ತಾ ನಿಂಗೆ?"

"ಬಂದಿಲ್ಲ ಕಣೆ. ನಾನೆಲ್ಲಿ ಬಂತು ಅಂದೆ. ಆ ಕಾಟಾನೂ ನಂಬಲ್ಲ, ರಿಪೋರ್ಟೂ ನಂಬ್ತೀನೋ ಇಲ್ವೋ. ಅವಳ ಮುಖ ನೋಡಿದಾಗೆಲ್ಲ ಎದೆ ಧಸಕ್ ಅನ್ನತ್ತೆ. ನಿನ್ನ ಮನೇಲಿ ಕೂತ್ಕೊಂಡ್ರೂ ಅನ್ನತ್ತೆ. ಅದಕ್ಕೇ ಇಲ್ಲೇ ಕೂತ್ಕೊಂಡು ನಂಬದೆ ಇರ್ತೀನಿ."

ನಾದಿನಿ ಏನೋ ಅಂದಳು. ಹಾರ್ನು ಮತ್ತೆ. ಮಂಚದ ಕೆಳಗಿಂದ ಸೂಟ್‌ಕೇಸು ಎಳೆದ ಸದ್ದು. ಸಾಮಾನು ವಾಪಸು ಇಡಲು ಅತ್ತೆಯೇ ಎಳೆಯುತ್ತಿದ್ದಾರೆ, ಒಬ್ಬರೇ, ಈ ವಯಸ್ಸಿನಲ್ಲಿ — ಪುಟ್ಟಿಯ ಪುಸ್ತಕಗಳೆಲ್ಲ ಅದರಲ್ಲೇ ಇವೆ, ಭಾರ ಎಷ್ಟಿದೆ ಅಂತ ಅವರಿಗೆ ಗೊತ್ತಿಲ್ಲವಾ. ಹೋಗಿ ಇನ್ನೊಂದು ತುದಿ ಹಿಡಿಯುತ್ತೇನೆ.